ಶಿವಗಂಗೆಯಲ್ಲಿ ಕೊನೆಯುಸಿರೆಳೆದ ಪಟ್ಟದರಸಿ ಶಾಂತಲೆ



ಕರಾವಳಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ನಮಗೆಲ್ಲ ನೆಲಮಂಗಲವೆಂದರೆ ಬೆಳಗಿನ ಜಾವ ಕಣ್ಣು ಬಿಡುವ ಊರು. ಶಿರಾಡಿ ಘಾಟಿ ಹತ್ತಿ, ಹಾಸನ, ಕುಣಿಗಲ್ ದಾಟಿ ಬಂದ ರಸ್ತೆ ಇಲ್ಲಿ ತುಮಕೂರು ಹೆದ್ದಾರಿಯನ್ನು ಸೇರುತ್ತದೆ. ಇನ್ನೇನು ಬೆಂಗಳೂರು ಬಂದೇ ಬಿಟ್ಟಿತೆಂದು ನಾವು ಚೀಲಗಳನ್ನು ಸರಿಪಡಿಸಿಕೊಳ್ಳುತ್ತೇವೆ. ಈ ತಾಲ್ಲೂಕಿನ ಒಂದು ಬೆಟ್ಟದಲ್ಲಿ ಕರ್ನಾಟಕದ ಬಹು ಪ್ರಸಿದ್ಧ ರಾಣಿಯೊಬ್ಬಳು ಪ್ರಾಣ ಬಿಟ್ಟಳೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಆಕೆಯೇ ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿ. ವರ್ಷ ಕ್ರಿ.ಶ. 1131. ಬೆಟ್ಟದ ಹೆಸರು ಶಿವಗಂಗೆ.

ನೆಲಮಂಗಲದಿಂದ ತುಮಕೂರಿನ ಕಡೆಗೆ ಹೋಗಿ, ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಶಿವಗಂಗೆ ಸಿಗುತ್ತದೆ. ಸಮುದ್ರ ಮಟ್ಟದಿಂದ 1,300 ಮೀಟರಿಗೂ ಎತ್ತರದ ಕಲ್ಲುಬೆಟ್ಟ. ಗವಿಯೊಳಗೆ ಗಂಗಾಧರೇಶ್ವರ, ಪಕ್ಕದಲ್ಲಿ ಹೊನ್ನಾದೇವಿ, ಮೇಲೆ ಒಳಕಲ್ಲು ತೀರ್ಥ, ತುದಿಯಲ್ಲಿ ಬಂಡೆಯಲ್ಲೇ ಕಡೆದ ನಂದಿ. ಒಂದೊಂದು ದಿಕ್ಕಿನಿಂದ ನೋಡಿದರೆ ಒಂದೊಂದು ರೂಪ ಕಾಣುವುದೆಂಬ ಹೇಳಿಕೆಯೂ ಇದೆ. ತುದಿಯ ಹತ್ತಿರ ಕಡಿದಾದ ಬಂಡೆಯೊಂದಿದೆ. ಆ ಜಾಗಕ್ಕೆ ಶಾಂತಲೆಯ ಹೆಸರೇ ಅಂಟಿಕೊಂಡಿದೆ. ಗಂಡುಸಂತಾನವಿಲ್ಲದ ರಾಣಿ, ಅರಸನು ಬೇರೊಬ್ಬಳನ್ನು ಮದುವೆಯಾಗಿ ವಂಶ ಬೆಳೆಸಲೆಂದು ಇಲ್ಲಿಂದ ಕೆಳಕ್ಕೆ ಹಾರಿಕೊಂಡಳಂತೆ. ಬೆಟ್ಟ ಹತ್ತುವವರೆಲ್ಲ ಕೇಳಿ ಬರುವ ಕಥೆ ಇದು.

ಈ ಕಥೆ ಎಷ್ಟು ಸತ್ಯ? ಅದನ್ನು ತಿಳಿಯಬೇಕಾದರೆ ಆಕೆಯ ಬದುಕನ್ನು ಮೊದಲಿನಿಂದ ನೋಡಬೇಕು. ಶಾಂತಲೆಯ ಬಗ್ಗೆ ನಮಗೆ ದೊರೆಯುವ ಗಟ್ಟಿ ಆಧಾರಗಳೆಲ್ಲ ಕಲ್ಲಿನ ಮೇಲಿವೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಅಚ್ಚು ಹಾಕಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಇನ್ನೂ ಹೆಚ್ಚಿನ ಶಾಸನಗಳನ್ನು ಸೇರಿಸಿ ಪರಿಷ್ಕರಿಸಿದರು. ಅಂದಹಾಗೆ, ರೈಸ್ ಅವರು ಬೆಂಗಳೂರಿನಲ್ಲೇ ಹುಟ್ಟಿದ, ಕ್ರೈಸ್ತ ಮಿಶನರಿಯೊಬ್ಬರ ಮಗ. ಈ ನಾಡಿನ ಸಾವಿರಾರು ಶಾಸನಗಳನ್ನು ಓದಿಸಿ ಉಳಿಸಿದ ಪುಣ್ಯಾತ್ಮ.

ತಂದೆ ಶೈವ, ತಾಯಿ ಜೈನೆ

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ. ಪೆರ್ಗಡೆ ಎಂದರೆ ಆಡಳಿತದ ಅಧಿಕಾರಿ. ನಮ್ಮ ಕಡೆಯ ಹೆಗ್ಗಡೆ ಎಂಬ ಹೆಸರು ಇದರಿಂದಲೇ ಬಂದದ್ದು. ಆತ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಾಚಿಕಬ್ಬೆಯ ತಂದೆ ಬಲದೇವ ದಂಡನಾಯಕನೆಂಬ ಸೇನಾಧಿಕಾರಿ. ಹೀಗೆ ಎರಡೂ ಕಡೆಯಿಂದ ಅರಮನೆಯ ಸೇವೆಯಲ್ಲಿದ್ದ ಮನೆತನ ಅದು. ಶಾಂತಲೆ ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಎಂಬುದು ಜನಜನಿತವಾದ ಮಾತು. ಆ ಕಾಲದಲ್ಲಿ ಬಳ್ಳಿಗಾವೆ ವಿದ್ಯೆಗೂ ಶಿಲ್ಪಕ್ಕೂ ಹೆಸರಾದ ಊರು.

ತಂದೆಯದು ಒಂದು ಧರ್ಮ, ತಾಯಿಯದು ಇನ್ನೊಂದು. ಮಗಳು ತಾಯಿಯ ದಾರಿ ಹಿಡಿದಳು. ಮದುವೆಯಾದ ಮೇಲೂ ಅದನ್ನು ಬಿಡಲಿಲ್ಲ ಎಂಬುದು ಗಮನಾರ್ಹ. ಆಕೆಯ ಗುರು ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು. ಕೊನೆಯವರೆಗೂ ಅವರೇ ಗುರು.

ಹಾಡು, ವಾದ್ಯ, ನೃತ್ಯ ಮೂರರಲ್ಲೂ ಆಕೆ ನಿಪುಣೆಯೆಂದು ಶಾಸನಗಳು ಹೊಗಳುತ್ತವೆ. ಬುದ್ಧಿವಂತಿಕೆಯಲ್ಲಿ ಬೃಹಸ್ಪತಿ, ಥಟ್ಟನೆ ಉತ್ತರ ಕೊಡುವುದರಲ್ಲಿ ವಾಚಸ್ಪತಿ ಎಂದೆಲ್ಲ ಬಿರುದುಗಳಿವೆ. ರಾಣಿಯರನ್ನು ಹೊಗಳುವುದು ಶಾಸನ ಬರೆಯುವವರ ವಾಡಿಕೆ, ಒಪ್ಪೋಣ. ಆದರೆ ರೂಪವನ್ನು ಹೊಗಳಿದವರು ಅಷ್ಟಕ್ಕೇ ನಿಲ್ಲದೆ ಮಾತಿನ ಚುರುಕನ್ನೂ ಹೊಗಳಿದ್ದಾರೆಂದರೆ, ದರ್ಬಾರಿನಲ್ಲಿ ಆಕೆ ಸುಮ್ಮನೆ ಕುಳಿತಿರಲಿಲ್ಲ ಎಂದು ನಾವು ಊಹಿಸಬಹುದು.

ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ. ಅಣ್ಣ ಒಂದನೇ ಬಲ್ಲಾಳನ ನಂತರ, ಸುಮಾರು 1108ರಲ್ಲಿ ಪಟ್ಟಕ್ಕೆ ಬಂದವನು. ಹೊಯ್ಸಳರು ಆಗ ಕಲ್ಯಾಣದ ಚಾಳುಕ್ಯರ ಸಾಮಂತರು. ತೆಂಕಣದ ಗಂಗವಾಡಿ ಚೋಳರ ಕೈಯಲ್ಲಿತ್ತು. 1116ರಲ್ಲಿ ಬಿಟ್ಟಿದೇವ ತಲಕಾಡನ್ನು ಗೆದ್ದು ತಲಕಾಡುಗೊಂಡನೆಂಬ ಬಿರುದು ಪಡೆದ. ಈ ಗೆಲುವಿನ ಹಿಂದಿದ್ದ ಸೇನಾಪತಿ ಗಂಗರಾಜ; ಅವನೂ ಜೈನ.

ಮೂರು ಊರುಗಳಲ್ಲಿ ಆಕೆಯ ಗುರುತು

ತಲಕಾಡಿನ ಗೆಲುವಿನ ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಇಂದು ನಾವು ಚೆನ್ನಕೇಶವ ದೇವಾಲಯವೆಂದು ಕರೆಯುವುದು ಇದನ್ನೇ. ಈ ದೇವಾಲಯದ ಅಂಗಳದಲ್ಲೇ, ತುಸು ಪಕ್ಕಕ್ಕೆ, ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಪ್ರವಾಸಿಗರು ಜಕಣಾಚಾರಿ ಮತ್ತು ಕಲ್ಲಿನೊಳಗಿನ ಕಪ್ಪೆಯ ಕಥೆ ಕೇಳಿ ಮುಂದೆ ಹೋಗುತ್ತಾರೆ. ಅಲ್ಲಿನ ಕೇಶವ ಮೂರ್ತಿಯ ಪೀಠದ ಬರಹದಲ್ಲಿ ಅದನ್ನು ಮಾಡಿಸಿದವಳ ಹೆಸರು ಶಾಂತಲೆ ಎಂದಿದೆ. ಜೈನ ರಾಣಿ ಮಾಡಿಸಿದ ವಿಷ್ಣುಮೂರ್ತಿ.

ಬೇಲೂರಿನ ಮದನಿಕೆಯರಲ್ಲಿ, ಅದರಲ್ಲೂ ಕನ್ನಡಿ ಹಿಡಿದ ದರ್ಪಣಸುಂದರಿಯಲ್ಲಿ ಶಾಂತಲೆಯ ಮುಖವಿದೆ ಎಂದು ಮಾರ್ಗದರ್ಶಿಗಳು ತೋರಿಸುವುದುಂಟು. ಕೆಲವು ಮದನಿಕೆಯರ ಕೆಳಗೆ ಕೆತ್ತಿದ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರದು ಅಲ್ಲಿ ಕಾಣುವ ಹೆಸರುಗಳು. ಆದರೆ ಆ ಚೆಲುವೆ ರಾಣಿಯೆಂದು ಎಲ್ಲಿಯೂ ಬರೆದಿಲ್ಲ. ಕನ್ನಡಿಯ ಮುಂದೆ ನಿಂತ ಶಾಂತಲೆಯನ್ನು ನೋಡಲು ಜನರ ಸಾಲು. ಪೀಠದ ಮೇಲೆ ಹೆಸರು ಬರೆಸಿದ ಶಾಂತಲೆಯ ಮುಂದೆ ಯಾರೂ ಇಲ್ಲ. ನಮಗಂತೂ ಇದು ಬೇಸರದ ಸಂಗತಿ.

ಹಳೇಬೀಡು, ಅಂದರೆ ಅಂದಿನ ದೋರಸಮುದ್ರದಲ್ಲಿ, 1121ರಲ್ಲಿ ಕೇತಮಲ್ಲನೆಂಬ ಅಧಿಕಾರಿ ಶಿವಾಲಯವೊಂದನ್ನು ಕಟ್ಟಿಸಿದ. ಅದು ಜೋಡಿ ದೇವಾಲಯ. ತೆಂಕಣ ಗರ್ಭಗುಡಿಯ ಲಿಂಗ ಅರಸನ ಹೆಸರಿನಲ್ಲಿ ಹೊಯ್ಸಳೇಶ್ವರ, ಬಡಗಣದ ಲಿಂಗ ಅರಸಿಯ ಹೆಸರಿನಲ್ಲಿ ಶಾಂತಲೇಶ್ವರ. ಎದುರಿಗೆ ಎರಡು ನಂದಿಗಳು. ರಾಜನ ಹೆಸರಿನ ದೇವಾಲಯಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ರಾಣಿಯ ಹೆಸರಿನ ದೇವರು ರಾಜನ ಹೆಸರಿನ ದೇವರ ಸರಿಸಮಕ್ಕೆ ಅಷ್ಟೇ ದೊಡ್ಡ ಗುಡಿಯಲ್ಲಿ ಕುಳಿತಿರುವುದು ಅಪರೂಪ. ಬೇಲೂರು, ಹಳೇಬೀಡುಗಳನ್ನು ಸೋಮನಾಥಪುರದೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಓದುಗರಿಗೆ ನೆನಪಿರಬಹುದು.

ಆದರೆ ಶಾಂತಲೆ ತನ್ನ ಮನಸ್ಸಿಟ್ಟು ಕಟ್ಟಿಸಿದ್ದು ಶ್ರವಣಬೆಳಗೊಳದಲ್ಲಿ. ಗೊಮ್ಮಟನ ಬೆಟ್ಟದ ಎದುರಿಗಿರುವ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿಯ ಮೇಲೆ, 1123ರಲ್ಲಿ ಆಕೆ ಒಂದು ಬಸದಿ ಕಟ್ಟಿಸಿ ಸುಮಾರು 5 ಅಡಿ ಎತ್ತರದ ಶಾಂತಿನಾಥ ತೀರ್ಥಂಕರನ ಮೂರ್ತಿಯನ್ನು ನಿಲ್ಲಿಸಿದಳು. ತನ್ನ ಹೆಸರಿಗೆ ಹೊಂದುವ ತೀರ್ಥಂಕರ. ಪೂಜೆಗೂ ಮುನಿಗಳ ಆಹಾರಕ್ಕೂ ಮೊಟ್ಟೆನವಿಲೆ ಎಂಬ ಊರನ್ನು ಗುರು ಪ್ರಭಾಚಂದ್ರರಿಗೆ ದಾನ ಬಿಟ್ಟಳು. ಬಸದಿಯೆಂದರೆ ಕಲ್ಲು ಗೋಡೆ ಎಬ್ಬಿಸಿದರೆ ಮುಗಿಯಲಿಲ್ಲ. ದಿನನಿತ್ಯದ ದೀಪಕ್ಕೆ, ಅನ್ನಕ್ಕೆ, ಮುಂದೆ ದುರಸ್ತಿಗೆ ಹಣ ಎಲ್ಲಿಂದ ಬರಬೇಕೆಂಬ ಚಿಂತೆ ಇದ್ದೇ ಇದೆ. ಚರ್ಚಿನ ಪಾಲನಾ ಮಂಡಳಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಶಾಂತಲೆಗಿದ್ದ ಒಂದು ಬಿರುದಿನಿಂದ ಬಂದ ಹೆಸರು ಇದು. ಗಂಧವಾರಣ ಎಂದರೆ ಮದವೇರಿದ ಆನೆ. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆಯಂಥವಳು ಎಂಬುದು ಆ ಬಿರುದಿನ ಅರ್ಥ. ದೇವರ ಮನೆಗೆ ಇಂಥ ಹೆಸರೇ ಎಂದು ನಮಗೂ ಮೊದಲು ಅಚ್ಚರಿಯಾಯಿತು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಶಿವಗಂಗೆಯ ಕಥೆಗೆ ಬರುವಾಗ ಇದು ಬೇಕಾಗುತ್ತದೆ.

ಗಂಡನ ಧರ್ಮ, ಹೆಂಡತಿಯ ಧರ್ಮ

ಬಿಟ್ಟಿದೇವ ಶ್ರೀ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನೆಂಬ ಹೆಸರು ತಾಳಿದನೆಂಬುದು ಪರಂಪರೆಯಿಂದ ಬಂದ ಮಾತು. ತೊಂಡನೂರು, ಮೇಲುಕೋಟೆಗಳಲ್ಲಿ ಇಂದಿಗೂ ಇದನ್ನು ಹೇಳುತ್ತಾರೆ. ಮತಾಂತರಗೊಂಡ ಅರಸ ಜೈನರನ್ನು ಪೀಡಿಸಿದನೆಂಬ ಕಥೆಯೂ ನಂತರದ ದಿನಗಳಲ್ಲಿ ಹಬ್ಬಿತು. ಆದರೆ ಕಲ್ಲುಗಳು ಹೇಳುವುದೇ ಬೇರೆ. ಬೇಲೂರಿನ ಪ್ರತಿಷ್ಠೆಯಾಗಿ 6 ವರ್ಷದ ಮೇಲೆ ಆತನ ಪಟ್ಟದರಸಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸುತ್ತಾಳೆ. ಆತನ ಮೆಚ್ಚಿನ ಸೇನಾಪತಿ ಗಂಗರಾಜ ಕೊನೆಯವರೆಗೂ ಜೈನನಾಗಿಯೇ ಇದ್ದು ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸುತ್ತಾನೆ. ಹೀಗೆ ನಡೆದುಕೊಂಡ ದೊರೆಯನ್ನು ಪೀಡಕನೆನ್ನುವುದು ಕಷ್ಟ.

ಶಾಂತಲೆಗಿದ್ದ ಬಿರುದುಗಳಲ್ಲಿ ನಾಲ್ಕೂ ಸಮಯಗಳನ್ನು, ಅಂದರೆ ನಾಲ್ಕೂ ಧರ್ಮಪಂಥಗಳನ್ನು ಎತ್ತಿ ಹಿಡಿದವಳು ಎಂಬುದೂ ಒಂದು. ತಂದೆ ಶೈವ, ತಾಯಿ ಜೈನೆ, ಗಂಡ ವೈಷ್ಣವ. ಯಾರ ಮನಸ್ಸನ್ನೂ ಮುರಿಯದೆ, ತನ್ನ ನಂಬಿಕೆಯನ್ನೂ ಬಿಡದೆ ಇಷ್ಟು ವರ್ಷ ಅರಮನೆಯಲ್ಲಿ ಬಾಳುವುದು ಸುಲಭದ ಮಾತಲ್ಲ. ನಮ್ಮ ಕಡೆಯ ಮಿಶ್ರ ವಿವಾಹಗಳ ಕಷ್ಟಸುಖ ಬಲ್ಲವರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ.

1131ರ ಚೈತ್ರ

ಚಂದ್ರಗಿರಿಯ ಮೇಲೆ, ಆಕೆ ಕಟ್ಟಿಸಿದ ಬಸದಿಯ ಹತ್ತಿರವೇ, ಆಕೆಯ ಮರಣವನ್ನು ತಿಳಿಸುವ ಶಾಸನವಿದೆ. ವಿರೋಧಿಕೃತು ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರ. ಆ ದಿನ ಶಿವಗಂಗೆಯ ತೀರ್ಥದಲ್ಲಿ ಶಾಂತಲೆ ಬದುಕು ಮುಗಿಸಿ ಸ್ವರ್ಗಸ್ಥಳಾದಳೆಂದು ಅದರಲ್ಲಿದೆ. ದೋರಸಮುದ್ರದಿಂದ 150 ಕಿಲೋಮೀಟರಿಗೂ ದೂರದ ಈ ಶೈವ ಕ್ಷೇತ್ರದಲ್ಲಿ, ತಂದೆಯ ದೇವರ ಬೆಟ್ಟದಲ್ಲಿ, ಜೈನ ರಾಣಿಯ ಮರಣ.

ಬೆಟ್ಟದಿಂದ ಬಿದ್ದ ಸುದ್ದಿ ಶಾಸನದಲ್ಲಿ ಇಲ್ಲ. ಮಕ್ಕಳಿಲ್ಲದ ಕೊರಗಿನ ಸುದ್ದಿಯೂ ಇಲ್ಲ. ಮರಣಕ್ಕೆ ಅದು ಬಳಸಿರುವ ಪದ ಮುಡಿಪು ಎಂಬ ಹಳಗನ್ನಡದ ಕ್ರಿಯಾಪದ. ಮುಗಿಸು, ಕೊನೆಗಾಣಿಸು ಎಂದು ಅರ್ಥ. ಶ್ರವಣಬೆಳಗೊಳದ ತೀರ ಹಳೆಯ ಶಾಸನಗಳಲ್ಲಿ, ವ್ರತ ಹಿಡಿದು ದೇಹ ಬಿಟ್ಟ ಮುನಿಗಳ ವಿಷಯದಲ್ಲಿ ಇದೇ ಪದ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಶಾಂತಲೆಯೂ ವ್ರತದಿಂದಲೇ ದೇಹ ಬಿಟ್ಟಿರಬೇಕೆಂದು ಓದುವವರಿದ್ದಾರೆ.

ಈಗ ಬಸದಿಯ ಹೆಸರಿಗೆ ಬರೋಣ. ಅರಸ ಇನ್ನೊಂದು ಮದುವೆಯಾಗಲೆಂದು ರಾಣಿ ಪ್ರಾಣ ಬಿಟ್ಟಳೆಂಬುದು ಕಥೆ. ಆದರೆ 1123ರಲ್ಲೇ, ಅಂದರೆ ಆಕೆ ತೀರಿಕೊಳ್ಳುವುದಕ್ಕೆ 8 ವರ್ಷ ಮೊದಲೇ, ಆಕೆಯ ಬಿರುದಿನಲ್ಲಿ ಸವತಿಯರಿದ್ದಾರೆ. ಅಂದಿನ ಅರಸರಿಗೆ ಹಲವು ರಾಣಿಯರಿರುವುದು ರೂಢಿ. ವಿಷ್ಣುವರ್ಧನನಿಗೂ ಲಕ್ಷ್ಮೀದೇವಿ, ಬಮ್ಮಲದೇವಿ ಮುಂತಾದ ರಾಣಿಯರಿದ್ದದ್ದು ಶಾಸನಗಳಿಂದ ತಿಳಿಯುತ್ತದೆ. ಇನ್ನೊಬ್ಬಳನ್ನು ತರಲು ಪಟ್ಟದರಸಿ ಸಾಯಬೇಕಾದ ಅಗತ್ಯ ಆ ಅರಮನೆಯಲ್ಲಿ ಇರಲಿಲ್ಲ. ಕಥೆಯ ಬುಡ ಇಲ್ಲಿಯೇ ಅಲುಗಾಡುತ್ತದೆ.

ಹಾಗಾದರೆ ಕಥೆ ಹುಟ್ಟಿದ್ದಾದರೂ ಹೇಗೆ? ಹಳೇಬೀಡಿನ ವಿಜಯ ಪಾರ್ಶ್ವನಾಥ ಬಸದಿಯ ಶಾಸನ ಒಂದು ಸುಳಿವು ಕೊಡುತ್ತದೆ. ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪ, ತಂದೆಯ ನೆನಪಿಗೆ 1133ರಲ್ಲಿ ಈ ಬಸದಿಯ ಪ್ರತಿಷ್ಠೆ ಮಾಡಿಸಿದ. ಅದರ ಪ್ರಸಾದ ಅರಸನ ಕೈ ಸೇರುವ ಹೊತ್ತಿಗೆ ಯುದ್ಧದಲ್ಲಿ ಜಯವೂ ದೊರೆತಿತ್ತು, ಲಕ್ಷ್ಮೀದೇವಿಗೆ ಗಂಡುಮಗುವೂ ಹುಟ್ಟಿತ್ತು. ಸಂತೋಷಗೊಂಡ ವಿಷ್ಣುವರ್ಧನ ದೇವರಿಗೆ ವಿಜಯ ಪಾರ್ಶ್ವನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟ. ಮುಂದೆ ಪಟ್ಟಕ್ಕೆ ಬಂದವನು ಈ ನರಸಿಂಹನೇ. ಶಾಂತಲೆಯ ಮರಣ 1131, ಉತ್ತರಾಧಿಕಾರಿಯ ಜನನ ಅದಾಗಿ 2 ವರ್ಷಕ್ಕೆ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದರೆ ತ್ಯಾಗದ ಕಥೆಯೊಂದು ತಾನಾಗಿಯೇ ಸಿದ್ಧವಾಗುತ್ತದೆ. ಮೇಲಾಗಿ ಶಿವಗಂಗೆಯಲ್ಲಿ ಬಂಡೆಯಿದೆ, ಪ್ರಪಾತವಿದೆ.

ರಾಣಿಯರ ಸುತ್ತ ಕಥೆ ಬೆಳೆಯುವುದು ಹೊಸದೇನಲ್ಲ. ಸ್ಪೇನ್ ದೇಶದ ಅರಗಾನ್ ರಾಜನ ಮಗಳಾಗಿ 1271ರಲ್ಲಿ ಹುಟ್ಟಿ, ಪೋರ್ಚುಗಲ್‌ನ ರಾಜ ದಿನಿಸ್‌ನ ಪತ್ನಿಯಾದ ಸಂತ ಎಲಿಜಬೆತ್ ನಮ್ಮ ಓದುಗರಿಗೆ ಗೊತ್ತು. ಬಡವರಿಗೆಂದು ಸೆರಗಿನಲ್ಲಿ ಒಯ್ಯುತ್ತಿದ್ದ ರೊಟ್ಟಿ ಗುಲಾಬಿಯಾದ ಕಥೆಯನ್ನು ಆಕೆಯ ಬಗ್ಗೆ ಹೇಳುತ್ತಾರೆ. ಅದೇ ಕಥೆಯನ್ನು ಹಂಗೇರಿಯ ಸಂತ ಎಲಿಜಬೆತ್ ಬಗ್ಗೆಯೂ ಹೇಳುತ್ತಾರೆ. ಆಕೆ ಈಕೆಯ ಅಜ್ಜಿಯ ಕಡೆಯ ಬಂಧು. ಗುಲಾಬಿಯ ಕಥೆಯಲ್ಲಿ ಕೊನೆಗೆ ಉಳಿಯುವುದು ಬಡವರಿಗೆ ಅನ್ನ ಕೊಟ್ಟ ಕೈ. ಶಿವಗಂಗೆಯ ಕಥೆಯಲ್ಲಿ ಉಳಿಯುವುದು, ಗಂಡು ಹೆರಲಾರದ ಹೆಂಗಸು ಬದುಕಿರಬಾರದೆಂಬ ಮಾತು. ಬೆಟ್ಟ ಹತ್ತಿದ ಶಾಲಾ ಮಕ್ಕಳಿಗೆ ಅದನ್ನು ತ್ಯಾಗವೆಂದು ಹೇಳಿಕೊಡಲಾಗುತ್ತಿದೆ. ಮಕ್ಕಳಾಗಲಿಲ್ಲವೆಂದು ಅತ್ತೆಮನೆಯಲ್ಲಿ ಮಾತು ಕೇಳಿ ಕೇಳಿ ತನ್ನನ್ನೇ ಹಳಿದುಕೊಳ್ಳುವ ಹೆಣ್ಣುಮಕ್ಕಳು ನಮ್ಮ ವಾರ್ಡುಗಳಲ್ಲೂ ಇದ್ದಾರೆ. ಅಂಥವಳೊಬ್ಬಳು ಆ ಬಂಡೆಯ ಮುಂದೆ ನಿಂತು ಈ ಕಥೆ ಕೇಳಿದರೆ ಏನು ಎಣಿಸಿಯಾಳು? ಆಧಾರವಿಲ್ಲದ ಕಥೆಯನ್ನು ಅಷ್ಟು ಸಲೀಸಾಗಿ ಹೇಳುವುದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ.

ಶಾಂತಲೆಯನ್ನು ಮನೆಮಾತಾಗಿಸಿದ ಪುಸ್ತಕಗಳೂ ಇವೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರ ಶಾಂತಲಾ ಕಾದಂಬರಿಯನ್ನು ಹಿರಿಯ ತಲೆಮಾರಿನವರು ಮರೆತಿರಲಾರರು. ಸಿ.ಕೆ. ನಾಗರಾಜರಾಯರು ಬರೆದ ಪಟ್ಟಮಹಾದೇವಿ ಶಾಂತಲದೇವಿ ಎಂಬ ಬೃಹತ್ ಕಾದಂಬರಿಗೆ 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಬಂತು. ಹಾಸನ ಮತ್ತು ಚನ್ನರಾಯಪಟ್ಟಣದ ನಡುವೆ, ನಮ್ಮ ಬಸ್ಸುಗಳು ಹಾದುಹೋಗುವ ದಾರಿಯಲ್ಲೇ ಇರುವ ಶಾಂತಿಗ್ರಾಮಕ್ಕೆ ಆ ಹೆಸರು ಬಂದದ್ದು ಶಾಂತಲೆಯಿಂದ ಎಂದೂ ಹೇಳುತ್ತಾರೆ.

ತಾಯಿಯ ದುಃಖ

ಚಂದ್ರಗಿರಿಯ ಆ ಶಾಸನವನ್ನು ಬಹಳ ಮಂದಿ ಶಾಂತಲೆಯ ಮರಣದ ತೇದಿಗಾಗಿ ಮಾತ್ರ ನೋಡುತ್ತಾರೆ. ನಿಜಕ್ಕೂ ಅದು ಹೆಚ್ಚು ಹೊತ್ತು ಮಾತನಾಡುವುದು ಆಕೆಯ ತಾಯಿ ಮಾಚಿಕಬ್ಬೆಯ ಬಗ್ಗೆ.

ಶಿವಗಂಗೆಯ ಸುದ್ದಿ ಬಂದಾಗ ಮಾಚಿಕಬ್ಬೆ ಬದುಕಿದ್ದಳು. ಮಗಳು ಹೋದ ಮೇಲೆ ತಾನು ಹಿಂದೆ ಉಳಿಯಲಾರೆನೆಂದು ಆ ತಾಯಿ ನಿಶ್ಚಯಿಸಿದಳು. ಬೆಳಗೊಳಕ್ಕೆ ಬಂದು ಗುರುಗಳ ಎದುರಿಗೆ ಸಲ್ಲೇಖನ ವ್ರತ ತೊಟ್ಟಳು. ಸಲ್ಲೇಖನವೆಂದರೆ ಬಾಳಿನ ಕೊನೆಯಲ್ಲಿ ಗುರುವಿನ ಒಪ್ಪಿಗೆ ಪಡೆದು, ಅನ್ನನೀರನ್ನು ಹಂತಹಂತವಾಗಿ ಬಿಡುತ್ತಾ ಶಾಂತವಾಗಿ ದೇಹ ತೊರೆಯುವ ಜೈನರ ವ್ರತ. ಇದು ಆತ್ಮಹತ್ಯೆಯಲ್ಲ ಎಂಬುದು ಜೈನ ಸಮುದಾಯದ ದೃಢ ನಿಲುವು. 2015ರಲ್ಲಿ ರಾಜಸ್ಥಾನ ಹೈಕೋರ್ಟು ಇದನ್ನು ಅಪರಾಧವೆಂದು ತೀರ್ಪಿತ್ತಾಗ ದೇಶದಾದ್ಯಂತ ಜೈನರು ಬೀದಿಗಿಳಿದರು. ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು.

ಶಾಂತಲೆಯ ಮರಣದ ಬಗ್ಗೆ ಒಂದೇ ಮಾತಿನಲ್ಲಿ ಮುಗಿಸಿದ ಶಾಸನಕಾರ, ಮಾಚಿಕಬ್ಬೆಯ ಕೊನೆಯ ದಿನಗಳನ್ನು ಹತ್ತಿರ ಕುಳಿತು ಕಂಡವನಂತೆ ಬಿಡಿಸಿ ಹೇಳುತ್ತಾನೆ. ಅರ್ಧ ಮುಚ್ಚಿದ ಕಣ್ಣು. ಬಾಯಲ್ಲಿ ಪಂಚನಮಸ್ಕಾರದ ಪದಗಳು. ಮನಸ್ಸಿನಲ್ಲಿ ಜಿನಧ್ಯಾನ. ಬಂಧುಗಳನ್ನು ಬೀಳ್ಕೊಟ್ಟ ಆಕೆಯ ಘನತೆಯನ್ನೂ ಆತ ಬಿಟ್ಟಿಲ್ಲ. ಪ್ರಭಾಚಂದ್ರರು ಅಲ್ಲಿದ್ದರು; ಮಗಳಿಗೂ ತಾಯಿಗೂ ಗುರುವಾಗಿದ್ದವರು. ಹೀಗೆ ಒಂದು ತಿಂಗಳು ಉಪವಾಸವಿದ್ದು ಮಾಚಿಕಬ್ಬೆ ತೀರಿಕೊಂಡಳು.